‘ಆ ಅಂಕಲ್ ಯಾಕೆ ಅಷ್ಟು ಕಪ್ಪು?’ ಎಂದು ಮಗು ಕೇಳಿದರೆ

ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲೋ ಬಿಟಿಎಂ ಲೇಔಟಿನ ಮೊಮೊ ಅಂಗಡಿಯೆದುರೋ ಮಗು ಎಲ್ಲರಿಗೂ ಕೇಳುವಂತೆ ಕೇಳಿಬಿಡುತ್ತದೆ: ‘ಅಮ್ಮಾ, ಆ ಅಂಕಲ್ ಯಾಕೆ ಅಷ್ಟು ಕಪ್ಪು? ಆ ಅಕ್ಕನ ಕಣ್ಣು ಯಾಕೆ ಸಣ್ಣ?’ ನಾವು ‘ಶ್ಶ್, ಹಾಗೆಲ್ಲ ಅನ್ಬಾರ್ದು’ ಎಂದು ಕೈಹಿಡಿದು ಎಳೆದುಕೊಂಡು ಹೊರಡುತ್ತೇವೆ. ಕಪ್ಪು ಎನ್ನುವುದು ಬೈಗುಳವಿರಬೇಕು ಎಂದು ಮಗುವಿಗೆ ಅನಿಸುವುದು ಆಗಲೇ.

ಮೊದಲ ಹೆಜ್ಜೆ: ಅಲ್ಲೇ, ಮಾಮೂಲಿ ದನಿಯಲ್ಲೇ ಉತ್ತರ ಕೊಡಿ. ‘ಚರ್ಮದೊಳಗೆ ಮೆಲನಿನ್ ಅಂತ ಇರುತ್ತೆ ಪುಟ್ಟಾ. ಅಂಕಲ್‌ಗೆ ಅದು ಜಾಸ್ತಿ, ನಿನಗೆ ಸ್ವಲ್ಪ ಕಮ್ಮಿ. ಬಿಸಿಲಿಂದ ನಮ್ಮನ್ನ ಕಾಯೋದು ಅದೇ.’ ಕಣ್ಣಿನ ಪ್ರಶ್ನೆಗೆ, ‘ನಿನ್ನ ಮೂಗು ತಾತನದ್ದಲ್ವಾ? ಹಾಗೇ ಅವರ ಕಣ್ಣು ಅವರ ಮನೆಯವರದ್ದು.’ ನಾಲ್ಕು ವರ್ಷದವರಿಗೆ ಇಷ್ಟು ಸಾಕು, ಭಾಷಣ ಬೇಡ.

ಆಮೇಲೆ ಬಣ್ಣದ ಡಬ್ಬಿ ತೆಗೆಯಿರಿ. ನಸುಗುಲಾಬಿ ಕ್ರೆಯಾನನ್ನು ನಮ್ಮ ಮಕ್ಕಳು ಇಂದಿಗೂ ‘ಸ್ಕಿನ್ ಕಲರ್’ ಎನ್ನುತ್ತಾರೆ. ಅಮೆರಿಕದ ಕ್ರೆಯೋಲಾ ಕಂಪನಿ ಅಂಥದೇ ಹೆಸರನ್ನು 1962ರಲ್ಲೇ ಕೈಬಿಟ್ಟಿತು. ಮನೆಯವರೆಲ್ಲರ ಕೈ ಪಕ್ಕದಲ್ಲಿಟ್ಟು, ಯಾರ ಕೈಗೆ ಯಾವ ಬಣ್ಣ ಹೊಂದುತ್ತದೆ ಎಂದು ಮಗುವೇ ಹುಡುಕಲಿ.

ಕಷ್ಟದ ಹೆಜ್ಜೆ ನಮ್ಮದು, ಮಗುವಿನದಲ್ಲ. ‘ಬಿಸಿಲಿಗೆ ಹೋಗ್ಬೇಡ, ಕರ್ರಗಾಗ್ತೀಯ.’ ‘ಹುಡುಗಿ ಬಣ್ಣ ಸ್ವಲ್ಪ ಕಮ್ಮಿ, ಆದ್ರೂ ಲಕ್ಷಣವಾಗಿದ್ದಾಳೆ.’ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರು ಬದಲಿಸಿಕೊಂಡಿತು. ನಮ್ಮ ಹಾಲ್‌ಗಳಲ್ಲಿ ಈ ಮಾತು ಹಾಗೇ ಇದೆ. ಹಿರಿಯರ ಜತೆ ಜಗಳ ಬೇಕಿಲ್ಲ. ‘ಆಡ್ಲಿ ಬಿಡಿ ಅತ್ತೆ, ಕಪ್ಪಾದ್ರೆ ಏನಾಯ್ತು’ ಎಂದು ಮಗುವಿನೆದುರೇ ನಗುತ್ತ ಹೇಳಿದರೆ ಸಾಕು. ಬನಶಂಕರಿಯ ಹಳೇ ಮನೆಯಿರಲಿ, ಜೆಪಿ ನಗರದ ಅಪಾರ್ಟ್‌ಮೆಂಟ್ ಇರಲಿ, ಅಡುಗೆಮನೆಯನ್ನೂ ಒಮ್ಮೆ ನೋಡಿ. ಕೆಲಸಕ್ಕೆ ಬರುವವರ ಕಾಫಿ ಲೋಟ ಬೇರೆ ಇದೆಯೇ? ಅವರು ಕೂರುವುದು ನೆಲದ ಮೇಲೆಯೇ? ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಆ ಲೋಟ ಮಾತ್ರ ಸಿಂಕಿನ ಮೂಲೆಯಲ್ಲೇ ಕೂತಿರುತ್ತದೆ, ಮಗು ದಿನಾ ನೋಡುತ್ತದೆ. ಮೊದಲು ಲೋಟ ಒಂದಾಗಲಿ. ಮಗು ಅವರನ್ನು ಹೆಸರಿನ ಜತೆ ‘ಅಕ್ಕ’ ಸೇರಿಸಿ, ಬನ್ನಿ–ಹೋಗಿ ಎಂದೇ ಮಾತಾಡಿಸಲಿ.

ಎಂಟು ದಾಟಿದ ಮಕ್ಕಳಿಗೆ ನಿಜ ಸಂಗತಿಗಳನ್ನೇ ಹೇಳಬಹುದು. 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್‌ನಲ್ಲಿ ಹರಡಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿ ಬೆಂಗಳೂರು ಬಿಟ್ಟರು. ‘ಅವತ್ತು ನಮ್ಮ ಪಕ್ಕದ ಮನೆಯಲ್ಲಿ ಅವರಿದ್ದಿದ್ದರೆ ನಾವೇನು ಮಾಡಬೇಕಿತ್ತು?’ ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಕನ್ನಡದವರೆಂದರೆ ಹೀಗೇ ಕಾಣಬೇಕು ಎನ್ನುವ ಮಗುವಿಗೆ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಕಥೆ ಹೇಳಿ. ಪೂರ್ವಿಕರು ಆಫ್ರಿಕಾದಿಂದ ಬಂದವರು, ಇವರು ತಲೆಮಾರುಗಳಿಂದ ಇಲ್ಲಿಯವರೇ. 2020ರಲ್ಲಿ ಶಾಂತಾರಾಮ ಸಿದ್ದಿ ನಮ್ಮ ವಿಧಾನ ಪರಿಷತ್ತಿನ ಸದಸ್ಯರಾದರು.

ನಿಮ್ಮ ಮಗುವೇ ಸಹಪಾಠಿಯನ್ನು ‘ಕರಿಯ’, ‘ಚಿಂಕಿ’ ಎಂದು ರೇಗಿಸಿದೆ ಎಂದು ದೂರು ಬಂದರೆ ಹೊಡೆಯಬೇಡಿ, ‘ಮಕ್ಕಳಾಟ’ ಎಂದು ತಳ್ಳಿಯೂ ಹಾಕಬೇಡಿ. ಆ ಮಾತು ಎಲ್ಲಿ ಕಲಿತೆ ಎಂದು ವಿಚಾರಿಸಿ. ಮರುದಿನ ಹೋಗಿ ತಾನೇ ಕ್ಷಮೆ ಕೇಳಲಿ. ರೇಗಿಸಿಕೊಂಡದ್ದು ನಿಮ್ಮ ಮಗುವಾದರೆ ಅವತ್ತೇ ಡೈರಿಯಲ್ಲಿ ಟೀಚರಿಗೆ ಬರೆಯಿರಿ. ಒಬ್ಬರಿಗೆ ಶಿಕ್ಷೆ ಕೊಡುವ ಬದಲು ಇಡೀ ಕ್ಲಾಸಿನ ಜತೆ ಮಾತಾಡುವಂತೆ ಕೇಳಿ.