ಅಪ್ಪನನ್ನೇ ಕೇಳು

ಮಗೂ, ನಿನ್ನಪ್ಪನಿಗೆ ಮೋಟಾರ್ ನ್ಯೂರಾನ್ ಕಾಯಿಲೆ ಅಂತ ರಿಪೋರ್ಟ್ ಬಂದದ್ದನ್ನು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಸಂಜೆ ನೀನು ಕಳಿಸಿದ ಪಟ್ಟಿಯನ್ನೂ ನೋಡಿದೆ. ಮುಂದಿನ ತಿಂಗಳು ಹೈದರಾಬಾದು, ಆಮೇಲೆ ವೆಲ್ಲೂರು, ಅಲ್ಲಿಂದ ಕೇರಳದ ಎಣ್ಣೆ ಚಿಕಿತ್ಸೆ, ಕೊನೆಗೆ ದೆಹಲಿಯಲ್ಲಿ ಸ್ಟೆಮ್ ಸೆಲ್ ಚುಚ್ಚುಮದ್ದು. ಮಗ ಅಂದರೆ ಹೀಗಿರಬೇಕು ಅಂತ ಊರವರು ಮೆಚ್ಚಿಯಾರು. ನರರೋಗದ ವಾರ್ಡಿನಲ್ಲೇ ನೌಕರಿಯೆಲ್ಲ ಕಳೆದ ನಿನ್ನ ದೊಡ್ಡಮ್ಮ ಬೇರೆ ಮಾತು ಹೇಳಬೇಕಾಗಿದೆ. ಸಾವಧಾನವಾಗಿ ಓದು.

ಎರಡನೆಯ ನರರೋಗ ತಜ್ಞರಿಗೆ ಒಮ್ಮೆ ತೋರಿಸುವುದು ಸರಿ. ಅದು ಬೇಡ ಅನ್ನುವುದಿಲ್ಲ. ಇದೇ ಕಾಯಿಲೆಯ ವೇಷ ಹಾಕಿಕೊಂಡು ಬರುವ ಬೇರೆ ಕಾಯಿಲೆಗಳಿವೆ. ಹರೆಯದ ಹುಡುಗರಿಗೆ ಒಂದೇ ಕೈಯೋ ಕಾಲೋ ಸಣ್ಣಗಾಗಿ, ಕೆಲವು ವರ್ಷಕ್ಕೆ ಅಲ್ಲಿಗೇ ನಿಂತುಬಿಡುವ ಒಂದು ಬಗೆಯಿದೆ. 1984ರಲ್ಲಿ ಅದನ್ನು ಮಾನೋಮೆಲಿಕ್ ಅಮಯೋಟ್ರೋಫಿ ಎಂದು ಹೆಸರಿಸಿ ಬರೆದವರು ನಮ್ಮ ನಿಮ್ಹಾನ್ಸ್‌ನ ಡಾ. ಗೌರಿದೇವಿ ಮತ್ತು ಅವರ ಸಂಗಡಿಗರು. ಇನ್ನೊಂದು ಕಡೆ, ನಿಜವಾದ ಮೋಟಾರ್ ನ್ಯೂರಾನ್ ಕಾಯಿಲೆಯನ್ನೇ ಕತ್ತಿನ ಮೂಳೆ ಸವೆತ ಅಂದುಕೊಂಡು ಆಪರೇಷನ್ ಮಾಡಿಸಿಕೊಂಡು ಬಂದವರನ್ನೂ ನಾನು ಕಂಡಿದ್ದೇನೆ. ನಿನ್ನಪ್ಪನಿಗೆ ಕಾಲು, ಕೈ, ನಾಲಿಗೆ ಮೂರೂ ಕಡೆ ಸೆಳೆತವಿದೆ. ಇಎಂಜಿ, ಎಂಆರ್‌ಐ ಎರಡೂ ಆಗಿವೆ. ಇನ್ನೊಬ್ಬ ತಜ್ಞರೂ ಹೌದು ಅಂದರೆ ಅಲೆದಾಟ ಅಲ್ಲಿಗೆ ನಿಲ್ಲಬೇಕು. ಸ್ಟೆಮ್ ಸೆಲ್ ವಿಚಾರವಂತೂ ಬಿಟ್ಟೇಬಿಡು. ಸಂಶೋಧನಾ ಪ್ರಯೋಗದ ಹೊರಗೆ ಇಂಥ ಕಾಯಿಲೆಗಳಿಗೆ ಅದನ್ನು ಕೊಡಕೂಡದು ಎಂದು ಐಸಿಎಂಆರ್‌ನ 2017ರ ಮಾರ್ಗಸೂಚಿಯೇ ಹೇಳಿದೆ. ಪ್ರಯೋಗಕ್ಕೆ ಸೇರಿಸಿಕೊಂಡವರು ರೋಗಿಯಿಂದ ಲಕ್ಷಗಟ್ಟಲೆ ಹಣ ಕೇಳುವುದಿಲ್ಲ.

ಔಷಧವೇ ಇಲ್ಲವೇ ಅಂತ ಕೇಳಿದೆಯಲ್ಲ, ಇದೆ. ರಿಲುಜೋಲ್ ಮಾತ್ರೆಗೆ ಅಮೆರಿಕದಲ್ಲಿ 1995ರಲ್ಲೇ ಒಪ್ಪಿಗೆ ಸಿಕ್ಕಿತು, ನಮ್ಮಲ್ಲೂ ಸಿಗುತ್ತದೆ. ದಿನಕ್ಕೆರಡು ಸಲ, 50 ಮಿಲಿಗ್ರಾಂ, ನಡುನಡುವೆ ಲಿವರ್ ಪರೀಕ್ಷೆ. ಪ್ರಯೋಗಗಳಲ್ಲಿ ಅದರಿಂದ ಸಿಕ್ಕ ಲಾಭ ಎರಡು ಮೂರು ತಿಂಗಳ ಆಯುಷ್ಯ. ತಪ್ಪದೆ ಕೊಡಿ. ಆದರೆ ಇದರ ಪಕ್ಕದಲ್ಲಿ ಇನ್ನೆರಡು ಸಂಗತಿ ಇಟ್ಟು ನೋಡು. 2003ರಲ್ಲಿ ಪ್ರಕಟವಾದ ಐರ್ಲೆಂಡಿನ ಅಧ್ಯಯನದಲ್ಲಿ, ಈ ಕಾಯಿಲೆಗೆಂದೇ ಇರುವ ಕ್ಲಿನಿಕ್ಕಿಗೆ ಹೋದವರು ಸಾಮಾನ್ಯ ನರರೋಗ ವಿಭಾಗಕ್ಕೆ ಹೋದವರಿಗಿಂತ ಸುಮಾರು ಏಳೂವರೆ ತಿಂಗಳು ಹೆಚ್ಚು ಬದುಕಿದರು. ಕ್ಲಿನಿಕ್ಕಿಗೆ ಹೋದವರ ವಯಸ್ಸು ಸ್ವಲ್ಪ ಕಡಿಮೆಯಿತ್ತು, ನಿಜ. ಅದನ್ನು ಲೆಕ್ಕಕ್ಕೆ ಹಿಡಿದ ಮೇಲೂ ಲಾಭ ಉಳಿಯಿತು. ಅಲ್ಲಿ ಇದ್ದದ್ದು ಮಾಯದ ಮದ್ದಲ್ಲ. ನರರೋಗ ತಜ್ಞ, ನರ್ಸ್, ಫಿಸಿಯೋ, ನುಂಗುವಿಕೆ ಮತ್ತು ಮಾತು ನೋಡುವವರು, ಆಹಾರ ತಜ್ಞರು, ಎಲ್ಲರೂ ಒಬ್ಬ ರೋಗಿಯನ್ನು ಕೂಡಿ ನೋಡಿದರು, ಅಷ್ಟೇ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನವರು 2006ರಲ್ಲಿ ಉಸಿರಾಟದ ಮಾಸ್ಕ್ ಬಗ್ಗೆ ಪ್ರಕಟಿಸಿದ್ದು ಇನ್ನೊಂದು. ಗಂಟಲಿನ ಸ್ನಾಯು ತೀರಾ ಸೋತಿರದ ರೋಗಿಗಳಿಗೆ ಆ ಮಾಸ್ಕ್ 205 ದಿನ ಹೆಚ್ಚು ಕೊಟ್ಟಿತು, ಆ ದಿನಗಳ ಗುಣಮಟ್ಟವನ್ನೂ ಕಾಪಾಡಿತು. ನೋಡಿದೆಯಾ, ಮದ್ದಿನಂತೆ ಕಾಣದ ಆರೈಕೆಯೇ ಇಲ್ಲಿ ಮದ್ದಿಗಿಂತ ಹೆಚ್ಚು ಕೆಲಸ ಮಾಡಿದೆ. ನಾಲ್ಕು ಊರು ಅಲೆಯುವವನಿಗೆ ಇದು ದಕ್ಕುವುದಿಲ್ಲ. ಒಂದೇ ಕಡೆ, ಒಂದೇ ಫೈಲಿನಲ್ಲಿ, ಮೂರು ತಿಂಗಳಿಗೊಮ್ಮೆ ಹೋಗುವವನಿಗೆ ದಕ್ಕುತ್ತದೆ.

ವಾರ್ಡಿನಲ್ಲಿ ಸಿಟ್ಟು ಮಾಡಿಕೊಂಡು ಹೋದ ರೋಗಿಗಳು ಎಷ್ಟೋ ಮಂದಿ. ವಾಸಿಯಾಗಲಿಲ್ಲ ಅಂತ ಬೈದವರು ಕಡಿಮೆ. ಕಾಯಿಲೆಯ ವಿಷಯವನ್ನು ತಮ್ಮನ್ನು ಬಿಟ್ಟು, ಕಾರಿಡಾರಿನಲ್ಲಿ ನಿಲ್ಲಿಸಿಕೊಂಡು ಅಳಿಯನಿಗೆ ಹೇಳಿದರು ಅನ್ನುವುದು ಒಬ್ಬರ ನೋವು. ‘ಇದಕ್ಕೆ ಏನೂ ಮಾಡೋಕಾಗಲ್ಲ’ ಅಂದು ಚೀಟಿ ಕೈಗಿಟ್ಟು ಕಳಿಸಿದರು ಅನ್ನುವುದು ಇನ್ನೊಬ್ಬರದು. ಹೋದಾಗಲೆಲ್ಲ ಹೊಸ ಡಾಕ್ಟರು, ಮೊದಲಿಂದ ಕಥೆ ಹೇಳಬೇಕು, ಹೇಳಲು ನಾಲಿಗೆ ಹೊರಳದು. ತೃಪ್ತಿಯಿಂದ ಹೋದವರೂ ಇದ್ದರು. ಅವರ ಕಾಯಿಲೆ ಚಿಕ್ಕದೇನೂ ಆಗಿರಲಿಲ್ಲ. ಮುಂದೆ ಏನಾಗುತ್ತದೆ ಅಂತ ಯಾರೋ ಒಬ್ಬರು ಪಕ್ಕದಲ್ಲಿ ಕೂತು ಹೇಳಿದ್ದರು, ರಾತ್ರಿ ಹೊತ್ತು ಫೋನ್ ಮಾಡಲು ಒಂದು ನಂಬರ್ ಇತ್ತು.

ಆದ್ದರಿಂದ ಮೊದಲ ಕೆಲಸ, ಅಪ್ಪನಿಗೆ ಹೇಳುವುದು. ‘ನರದ ವೀಕ್‌ನೆಸ್, ಟಾನಿಕ್ ಕೊಟ್ಟಿದ್ದಾರೆ’ ಅನ್ನುವ ನಾಟಕ ನಿಲ್ಲಿಸು. ಅವರ ಬುದ್ಧಿ, ಕಣ್ಣು, ಸ್ಪರ್ಶ ನೆಟ್ಟಗಿವೆ. ನಿಮ್ಮ ಪಿಸುಮಾತೂ ಕೇಳಿಸುತ್ತದೆ. ಕೆಲವರಲ್ಲಿ ಯೋಚನೆ, ನಡವಳಿಕೆಯೂ ಬದಲಾಗುತ್ತದೆ, ಆದರೆ ನಿನ್ನಪ್ಪನಲ್ಲಿ ಅದು ನನಗೆ ಕಂಡಿಲ್ಲ. ಕಾರಣವಿಲ್ಲದೆ ಅತ್ತರೆ, ನಗಬಾರದ ಕಡೆ ನಕ್ಕರೆ, ಅದೂ ಕಾಯಿಲೆಯದೇ ಲಕ್ಷಣ. ಡಾಕ್ಟರಿಗೆ ಹೇಳು, ಔಷಧವಿದೆ.

ಊಟದ ಬಗ್ಗೆ ಅಮ್ಮನಿಗೆ ಓದಿ ಹೇಳು. ನೀರು, ಮಜ್ಜಿಗೆಯಂಥ ತೆಳ್ಳನೆಯದೇ ಬೇಗ ನೆತ್ತಿಗೇರುತ್ತದೆ. ಗಟ್ಟಿ ರಾಗಿ ಅಂಬಲಿ ಸಲೀಸಾಗಿ ಇಳಿಯುತ್ತದೆ. ನೀರುಸಾರಿನಲ್ಲಿ ಅನ್ನದಗುಳು ತೇಲುವಂಥ ಊಟ ಎಲ್ಲಕ್ಕಿಂತ ಕಷ್ಟ. ನೆಟ್ಟಗೆ ಕೂತು, ಗಲ್ಲವನ್ನು ಎದೆಯ ಕಡೆ ಬಾಗಿಸಿ ನುಂಗಲಿ, ಟೀವಿ ಆಫ್ ಇರಲಿ. ಪ್ರತಿ ವಾರ ತೂಕ ಬರೆದಿಡಿ. ತೂಕ ಜಾರತೊಡಗಿದರೆ ಹೊಟ್ಟೆಗೆ ನೇರವಾಗಿ ಕೂರಿಸುವ ಪೆಗ್ ಟ್ಯೂಬಿನ ಮಾತು ಆಗಲೇ ಬರಬೇಕು. ಉಸಿರಿನ ಸಾಮರ್ಥ್ಯ, ಅಂದರೆ ಎಫ್‌ವಿಸಿ, ಅರ್ಧಕ್ಕಿಂತ ಕೆಳಗಿಳಿದ ಮೇಲೆ ಆ ಸಣ್ಣ ಪ್ರಕ್ರಿಯೆಯೂ ಅಪಾಯದ್ದಾಗುತ್ತದೆ. ‘ಇನ್ನೂ ಸ್ವಲ್ಪ ತಿಂತಾರಲ್ಲ’ ಅಂತ ತಡ ಮಾಡಿ, ಆಮೇಲೆ ಮೂಗಿನ ನಳಿಕೆಯೊಂದಿಗೆ ತಿಂಗಳುಗಟ್ಟಲೆ ಒದ್ದಾಡಿದವರು ಬಹಳ. ಪೆಗ್ ಹಾಕಿಸಿದರೆ ಬಾಯಿಗೆ ಬೀಗವಲ್ಲ, ರುಚಿಗೆ ಎರಡು ಚಮಚ ಪಾಯಸ ತಿನ್ನಬಹುದು.

ಉಸಿರು ಸೋಲುವುದು ಏದುಸಿರಿನಿಂದಲೇ ಶುರುವಾಗಬೇಕೆಂದಿಲ್ಲ. ಬೆಳಿಗ್ಗೆ ಎದ್ದಾಗ ತಲೆನೋವು, ಹಗಲು ತೂಕಡಿಕೆ, ಅಂಗಾತ ಮಲಗಲು ಆಗದೆ ದಿಂಬು ಏರುತ್ತಾ ಹೋಗುವುದು, ಕೆಟ್ಟ ಕನಸು. ಇವು ಕಂಡರೆ ಬೈಪ್ಯಾಪ್, ಅಂದರೆ ಮೇಲೆ ಹೇಳಿದ ಆ ಮಾಸ್ಕಿನ ಯಂತ್ರ, ಕೇಳು. ಒಂದು ಮಾತು ಅಡಿಗೆರೆ ಎಳೆದು ಇಟ್ಟುಕೋ: ಮನೆಗೆ ಸಿಲಿಂಡರ್ ತಂದು ಬರೀ ಆಕ್ಸಿಜನ್ ಹಚ್ಚಬೇಡ. ಇಲ್ಲಿ ತೊಂದರೆ ಶ್ವಾಸಕೋಶದ್ದಲ್ಲ, ಎದೆಯನ್ನು ಹಿಗ್ಗಿಸುವ ಸ್ನಾಯುವಿನದು. ಇಂಗಾಲದ ಡೈ ಆಕ್ಸೈಡ್ ಹೊರಹೋಗದೆ ಒಳಗೇ ತುಂಬುತ್ತದೆ, ಬೆರಳಿಗೆ ಹಾಕುವ ಆಕ್ಸಿಮೀಟರ್ ಮಾತ್ರ ಎಲ್ಲ ಸರಿಯಿದೆ ಅನ್ನುತ್ತದೆ, ರೋಗಿ ಮಂಪರಿಗೆ ಜಾರುತ್ತಾನೆ. ಎಮರ್ಜೆನ್ಸಿಯಲ್ಲಿ ಹೊಸ ಡಾಕ್ಟರಿಗೆ ಇದು ಹೊಳೆಯದೇ ಇರಬಹುದು. ಫೈಲಿನ ಮೊದಲ ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದಿಡು.

ಮಾತು ನಿಂತರೆ ಏನು ಮಾಡೋಣ ಅಂತ ಅಮ್ಮ ಅತ್ತಳು. ಈಗಲೇ ಅಪ್ಪನ ಧ್ವನಿಯಲ್ಲಿ ಬೇಕಾದ್ದನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡು, ಮಕ್ಕಳನ್ನು ಕೂಗುವುದನ್ನೂ. ಆಮೇಲಿನದಕ್ಕೆ ಒಂದು ರಟ್ಟು ಸಾಕು. ನಮ್ಮ ವರ್ಣಮಾಲೆ ವರ್ಗ ವರ್ಗವಾಗಿ ಜೋಡಿಸಿದ್ದು, ಅದು ನಮ್ಮ ಭಾಗ್ಯ. ‘ಕ ವರ್ಗವಾ? ಚ ವರ್ಗವಾ? ತ ವರ್ಗವಾ?’ ಎಂದು ಕೇಳುತ್ತಾ ಹೋಗು. ಬೇಕಾದ ಸಾಲಿಗೆ ಕಣ್ಣು ಮೇಲೆತ್ತಲಿ, ಆಮೇಲೆ ಆ ಸಾಲಿನೊಳಗಿನ ಅಕ್ಷರ, ಬೇಕಿದ್ದರೆ ಗುಣಿತ. ವಾರ್ಡಿನಲ್ಲಿ ಒಬ್ಬ ಮೇಷ್ಟ್ರು ಹೀಗೆ ಒಂದೊಂದೇ ಅಕ್ಷರ ಹಿಡಿದು ತಮ್ಮ ಮಗಳ ಮದುವೆಯ ಅಡುಗೆಯ ಪಟ್ಟಿ ಹೇಳಿಸಿದರು. ಹೋಳಿಗೆಗೆ ತೊಗರಿಬೇಳೆ ಬೇಡ, ಕಡಲೆಬೇಳೆಯೇ ಆಗಬೇಕು ಅಂತ ಹಟ ಹಿಡಿದರು. ನೀನು ಊಹಿಸಿ ಮಾತು ಮುಗಿಸಿಬಿಡಬೇಡ. ಅವರೇ ಮುಗಿಸಲಿ, ಎಷ್ಟು ಹೊತ್ತಾದರೂ.

ಹೇಳಲು ಗಂಟಲು ಕಟ್ಟುವ ವಿಷಯ ಇನ್ನೊಂದಿದೆ. ಉಸಿರು ತೀರಾ ಸೋತ ಹೊತ್ತಿನಲ್ಲಿ ಗಂಟಲಿಗೆ ರಂಧ್ರ ಮಾಡಿ ವೆಂಟಿಲೇಟರಿಗೆ ಹಾಕಬೇಕೋ ಬೇಡವೋ. ನಡುರಾತ್ರಿ ಐಸಿಯು ಬಾಗಿಲಲ್ಲಿ ನಡುಗುವ ಕೈಯಿಂದ ಮಗನೊಬ್ಬ ಸಹಿ ಹಾಕುವುದು, ಆಮೇಲೆ ತಿಂಗಳುಗಟ್ಟಲೆ ಅದನ್ನು ಬಿಡಿಸಲಾಗದೆ ನರಳುವುದು, ಇದನ್ನು ನಾನು ನೋಡಬಾರದಷ್ಟು ನೋಡಿದ್ದೇನೆ. ಬೇಕು ಅಂದವರಿಗೆ ವೆಂಟಿಲೇಟರ್ ಸರಿ, ಬೇಡ ಅಂದವರಿಗೆ ನೋವಿಲ್ಲದ ಸಾಂತ್ವನದ ಆರೈಕೆ ಸರಿ. ಆ ತೀರ್ಮಾನ ಅಪ್ಪನದು, ಮಾತು ಇರುವಾಗಲೇ ಆಗಬೇಕು. ತನ್ನ ಇಚ್ಛೆಯನ್ನು ಮುಂಚೆಯೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. 2023ರಲ್ಲಿ ವಿಧಾನವನ್ನು ಸರಳ ಮಾಡಿತು: ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಅದನ್ನು ಜಾರಿಗೆ ತರಲು ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ. ಮನಸ್ಸು ಬದಲಾದರೆ ಬರೆದದ್ದನ್ನೂ ಬದಲಾಯಿಸಬಹುದು.

ಅಮ್ಮನ ಬೆನ್ನು ಉಳಿಸು. ಹಳೆಯ ಹತ್ತಿಸೀರೆಯನ್ನು ನಾಲ್ಕು ಮಡಿಕೆ ಮಾಡಿ ಅಪ್ಪನ ಸೊಂಟದ ಕೆಳಗೆ ಹಾಸಿ, ಇಬ್ಬರು ಎರಡೂ ಕಡೆ ಹಿಡಿದು ಹೊರಳಿಸಬೇಕು. ಒಬ್ಬಳೇ ಕಂಕುಳಿಗೆ ಕೈ ಹಾಕಿ ಎಳೆಯುವುದು ಬೇಡ, ಅವರ ಭುಜವೂ ಕಳಚುತ್ತದೆ. ವಾರದಲ್ಲಿ ಎರಡು ರಾತ್ರಿಯಾದರೂ ಅವಳು ಬೇರೆ ಕೋಣೆಯಲ್ಲಿ ಮಲಗಲಿ, ಆ ರಾತ್ರಿಗಳು ನಿನ್ನವು.

ದೆಹಲಿಗೆ ಎತ್ತಿಟ್ಟ ದುಡ್ಡಿನಲ್ಲಿ ಬೈಪ್ಯಾಪ್, ಕಫ ಎಳೆಯುವ ಸಕ್ಷನ್ ಯಂತ್ರ, ಎರಡಕ್ಕೂ ಸಾಲುವ ಇನ್ವರ್ಟರ್ ತೆಗೆದುಕೋ. ಮಲೆನಾಡಿನ ಮಳೆಗಾಲ, ಮರ ಬಿದ್ದರೆ ಎರಡು ದಿನ ಕರೆಂಟಿಲ್ಲ. ಜೂನ್ ಬರುವುದರೊಳಗೆ ಬ್ಯಾಟರಿ ಒಂದು ಇಡೀ ರಾತ್ರಿ ಎಳೆಯುತ್ತದೆಯೇ ಎಂದು ಮೇನ್ ಆಫ್ ಮಾಡಿ ಪರೀಕ್ಷಿಸು, ಅಪ್ಪನಿಗೆ ಮೊದಲೇ ಹೇಳಿ.