ಕಿಟಕಿ ತೆರೆಯುವ ಹೊತ್ತು

ಊರಿನಿಂದ ಅಮ್ಮನೋ ಅತ್ತೆಯೋ ಬಂದ ಮರುದಿನವೇ ನಮ್ಮ ಎಚ್‌ಡಿಬಿ ಮನೆಗಳಲ್ಲಿ ಒಂದು ಸಣ್ಣ ತಕರಾರು ಶುರುವಾಗುತ್ತದೆ. ಅವರು ಎದ್ದ ಕೂಡಲೇ ಕಿಟಕಿಗಳನ್ನೆಲ್ಲ ತೆರೆಯುತ್ತಾರೆ. ಮಕ್ಕಳ ಕೋಣೆಯಲ್ಲಿ ಏರ್‌ಕಾನ್ ಇನ್ನೂ ಓಡುತ್ತಿದೆಯೆಂದು ನಾವು ಹಿಂದೆಯೇ ಹೋಗಿ ಮುಚ್ಚುತ್ತೇವೆ. "ಮನೇಲಿ ಗಾಳಿ ಆಡಬೇಕಮ್ಮ" ಎಂದು ಅವರ ಮಾತು. ಇಬ್ಬರದೂ ಅರ್ಧ ಸರಿ.

ಊರಿನ ಲೆಕ್ಕ ಬೇರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಬೇಸಿಗೆಯದು ಒಣಗಾಳಿ. ಬೆಳಗಿನ ತಂಪಿಗೆ ತೆರೆದು, ಬಿಸಿಲೇರಿದಾಗ ಮುಚ್ಚಿ, ಸಂಜೆ ಮತ್ತೆ ತೆರೆದರೆ ಮನೆ ಹಿತವಾಗಿರುತ್ತದೆ. ಹಳೆಯ ತೊಟ್ಟಿಮನೆಗಳಲ್ಲಿ ಬಿಸಿಗಾಳಿ ನಡುವಿನ ತೊಟ್ಟಿಯಿಂದ ತಾನಾಗಿ ಮೇಲೇರಿ ಹೋಗುತ್ತಿತ್ತು. ಮಲೆನಾಡಿನ ಮಳೆಗಾಲದಲ್ಲಿ ಮಾತ್ರ ಕಿಟಕಿ ತೆರೆದು ಪ್ರಯೋಜನವಿಲ್ಲ. ಒದ್ದೆ ಬಟ್ಟೆಗೆ ಒಲೆಯ ಕಾವೇ ಗತಿ. ಮಳೆ ನಿಂತು ಬಿಸಿಲು ಬಂದ ಮೇಲೆ ಹಾಸಿಗೆ, ಕಂಬಳಿಗಳೆಲ್ಲ ಅಂಗಳಕ್ಕೆ ಬರುತ್ತವೆ.

ಸಿಂಗಪುರದಲ್ಲಿ ಹಾಗೆ ಕಾಯಲು ಒಣ ಋತುವೇ ಇಲ್ಲ. ಭೂಮಧ್ಯರೇಖೆಯಿಂದ ಒಂದೂವರೆ ಡಿಗ್ರಿಯೂ ದೂರವಿಲ್ಲದ ಈ ದ್ವೀಪದಲ್ಲಿ ಗಾಳಿಯ ತೇವಾಂಶ ವರ್ಷದ ಸರಾಸರಿಯಲ್ಲೇ ಶೇಕಡಾ 80ಕ್ಕಿಂತ ಹೆಚ್ಚು. ಹೊರಗಿನ ಗಾಳಿ ಸುಮಾರು 24 ಡಿಗ್ರಿಗೆ ತಣ್ಣಗಾದರೆ ಸಾಕು, ನೀರು ಬಿಡುತ್ತದೆ. ಫ್ರಿಜ್‌ನಿಂದ ತೆಗೆದಿಟ್ಟ ನೀರಿನ ಚೊಂಬು ಬೆವರುವುದನ್ನು ನೋಡಿದ್ದೇವಲ್ಲ, ಅದೇ ಸಂಗತಿ. ರಾತ್ರಿಯಿಡೀ 22 ಡಿಗ್ರಿಯಲ್ಲಿದ್ದ ಕೋಣೆಯ ಕಿಟಕಿ ತೆರೆದರೆ ಗೋಡೆಯೇ ಆ ಚೊಂಬು. ಬೀರುವಿನ ಹಿಂದೆ ಬೂಷ್ಟು ಬರುವುದು, ಮದುವೆಯ ರೇಷ್ಮೆ ಸೀರೆಯ ಮಡಿಕೆಯಲ್ಲಿ ಬಿಳಿ ಚುಕ್ಕೆ ಕಾಣುವುದು ಬಹುಪಾಲು ಹೀಗೆಯೇ.

ಜರ್ಮನಿಯಲ್ಲಿ ಕೊರೆಯುವ ಚಳಿಯಲ್ಲೂ ಕಿಟಕಿಗಳನ್ನು ಪೂರ್ತಿ ತೆರೆದು ಕೆಲವೇ ನಿಮಿಷಗಳಲ್ಲಿ ಮುಚ್ಚುವ ರೂಢಿಯಿದೆ. ತಣ್ಣನೆಯ ಗಾಳಿಯಲ್ಲಿ ನೀರಿನಂಶ ಕಡಿಮೆ. ಅದು ಒಳಗೆ ಬಂದು ಬೆಚ್ಚಗಾದಾಗ ಮನೆಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮದು ಇದಕ್ಕೆ ತಿರುಗುಮುರುಗು.

ಹಾಗೆಂದು ಸದಾ ಮುಚ್ಚಿಡುವುದೂ ಸಲ್ಲದು. ಗೋಡೆಗೆ ಹಾಕಿಸುವ ಏರ್‌ಕಾನ್ ಕೋಣೆಯ ಗಾಳಿಯನ್ನೇ ಸುತ್ತಿ ಸುತ್ತಿ ತಣ್ಣಗೆ ಮಾಡುತ್ತದೆಯೇ ಹೊರತು ಹೊಸ ಗಾಳಿ ತರುವುದಿಲ್ಲ. ಅಮ್ಮ ಹೇಳುವುದು ಇದನ್ನೇ. ಆದ್ದರಿಂದ ಬೆಳಿಗ್ಗೆ ಮೊದಲು ಏರ್‌ಕಾನ್ ಆರಿಸಿ, ಅರ್ಧ ಗಂಟೆ ಬಿಟ್ಟು ಗೋಡೆಗಳು ಬೆಚ್ಚಗಾದ ಮೇಲೆ ಎದುರುಬದುರಿನ ಕಿಟಕಿಗಳನ್ನು ತೆರೆಯೋಣ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದಿಟ್ಟರೆ ಹಿಂದೆಯೂ ಗಾಳಿ ಆಡುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಕಿಟಕಿಗೆ ಗ್ರಿಲ್ ಹಾಕಿಸಿ ಬೀಗ ಹಾಕಿರಲೇಬೇಕು. ಇದರಲ್ಲಿ ಉದಾಸೀನ ಕೂಡದು.

ಸಂಜೆ ದೀಪ ಹಚ್ಚುವಾಗ ಮುಂಬಾಗಿಲು ತೆರೆದಿಡುವ ಪದ್ಧತಿಯನ್ನು ಇಲ್ಲಿಯೂ ಬಿಡಬೇಕಿಲ್ಲ, ಕಬ್ಬಿಣದ ಗೇಟು ಇದ್ದೇ ಇದೆ. ಧೂಪ, ಸಾಂಬ್ರಾಣಿ ಹಾಕುವ ದಿನವಂತೂ ಏರ್‌ಕಾನ್ ಬೇಡ, ಕಿಟಕಿ ತೆರೆದೇ ಇರಲಿ. ಹೊರಗೇ ಹೊಗೆ ಕವಿದ ದಿನಗಳು ಮಾತ್ರ ಇದಕ್ಕೆ ಹೊರತು. 2013ರ ಜೂನ್ 21ರಂದು ಇಲ್ಲಿಯ ವಾಯುಮಾಲಿನ್ಯ ಸೂಚ್ಯಂಕ 401 ಮುಟ್ಟಿತ್ತು. ಅಂಥ ದಿನ ಕಿಟಕಿ ಮುಚ್ಚಿ, ಧೂಪವನ್ನೂ ಬಿಟ್ಟು, ಬರೀ ಹೂವು ಏರಿಸಿ ಕೈಮುಗಿದರಾಯಿತು.