ಆಮೆ ಕಲಿಸಿದ ಪಾಠ

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ ಮಿಡಿಗೇಶಿ ಎಂಬ ಊರಿದೆ. ಊರಿಗೆ ಬೆನ್ನಾಗಿ ಬೃಹತ್ತಾದ ಬಂಡೆಗಳ ಬೆಟ್ಟ. ಬೆಟ್ಟದ ಮೇಲೆ ಹಳೆಯ ಕೋಟೆ. ಸುತ್ತಲೂ ಮಳೆಯನ್ನೇ ನೆಚ್ಚಿದ ಸೀಮೆ. ರಾಗಿ, ಕಡಲೆಕಾಯಿ, ತೊಗರಿ ಇಲ್ಲಿನ ಬೆಳೆಗಳು. ಇಂಥ ಸೀಮೆಯ ಮಕ್ಕಳಿಗೆ ಕೈಯಿಂದ ಕಲಿಯುವುದೆಂದರೇನು ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ನೇಗಿಲು ಹಿಡಿಯುವುದನ್ನು ಯಾರೂ ಪುಸ್ತಕ ಓದಿ ಕಲಿತವರಲ್ಲ. ನೀರಿಗಿಳಿಯದೆ ಈಜು ಬಾರದೆಂಬುದು ಬಾವಿಯಲ್ಲಿ ಮುಳುಗೆದ್ದ ಪ್ರತಿಯೊಬ್ಬ ಹುಡುಗನಿಗೂ ಗೊತ್ತು.

ಇಷ್ಟು ಸರಳವಾದ ಸತ್ಯವನ್ನು ಶಾಲೆಯೊಳಗೆ ಕಾಲಿಟ್ಟೊಡನೆ ನಾವು ಮರೆಯುತ್ತೇವೆ. ನಾನೂ ಮರೆತಿದ್ದೆ.

ನಾನು ಈ ಸೀಮೆಯಲ್ಲಿ ಕನ್ನಡ ಅಧ್ಯಾಪಕನಾಗಿದ್ದ ಕಾಲದಲ್ಲಿ ನಮ್ಮ ಶಾಲೆಗೆ ಗಣಕಯಂತ್ರಗಳು ಬಂದವು. ಅವಕ್ಕೆ ಅರಿಸಿನ ಕುಂಕುಮವಿಟ್ಟು ಪೂಜಿಸಿದೆವು. ಧೂಳು ಕೂರದಂತೆ ಬಟ್ಟೆ ಹೊದಿಸಿದೆವು. ಕೋಣೆಗೆ ಬೀಗ ಹಾಕಿದೆವು. ವಾರಕ್ಕೊಮ್ಮೆ ಮಕ್ಕಳು ಸಾಲಾಗಿ ಬಂದು, ಕೈಕಟ್ಟಿ ನಿಂತು, ನೋಡಿ ಹೋಗುತ್ತಿದ್ದರು. ಯಂತ್ರದ ಭಾಗಗಳ ಹೆಸರುಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದರು. ಒಳ್ಳೆಯ ಅಂಕಗಳನ್ನೂ ಪಡೆದರು. ಆದರೆ ಒಬ್ಬರ ಬೆರಳೂ ಕೀಲಿಮಣೆಯನ್ನು ಸೋಕಿರಲಿಲ್ಲ. ಕೆಟ್ಟರೆ ಯಾರು ಹೊಣೆ ಎಂಬ ಭಯ ನಮ್ಮೆಲ್ಲರದು. ಬೀಗದ ಕೈ ಇದ್ದದ್ದು ನನ್ನ ಮೇಜಿನಲ್ಲಿಯೇ.

ಮುಂದೆ ನಮ್ಮ ಶಾಲೆಗೆ ಗಣಿತದ ಹೊಸ ಅಧ್ಯಾಪಕಿಯೊಬ್ಬರು ಬಂದರು. ಅವರು ಮೊದಲು ಬೀಗದ ಕೈ ಕೇಳಲಿಲ್ಲ. ಒಂದು ಡಬ್ಬಿ ರಂಗೋಲಿ ಪುಡಿ ತರಿಸಿ, ಮಕ್ಕಳನ್ನು ಆಟದ ಬಯಲಿಗೆ ಕರೆದೊಯ್ದರು. ಒಬ್ಬ ಹುಡುಗನ ಕೈಗೆ ಪುಡಿಯನ್ನು ಕೊಟ್ಟು ಹೇಳಿದರು: “ಇವನು ಆಮೆ. ಇವನಿಗೆ ಎರಡೇ ಮಾತು ತಿಳಿಯುತ್ತವೆ. ಇಷ್ಟು ಹೆಜ್ಜೆ ಮುಂದೆ ನಡೆ ಎಂಬುದೊಂದು. ಇಷ್ಟು ಡಿಗ್ರಿ ಬಲಕ್ಕೆ ತಿರುಗು ಎಂಬುದೊಂದು. ಈ ಎರಡರಿಂದಲೇ ಇವನ ಕೈಯಲ್ಲಿ ಒಂದು ಚೌಕ ಬರೆಯಿಸಿರಿ.”

ಮಕ್ಕಳು ಹತ್ತು ಹೆಜ್ಜೆ ನಡೆಯಿಸಿದರು, 90 ಡಿಗ್ರಿ ತಿರುಗಿಸಿದರು. ನಾಲ್ಕು ಬಾರಿ ಹೀಗೆ ಮಾಡಲು ನೆಲದ ಮೇಲೆ ಚೌಕ ಮೂಡಿತು. “ಇನ್ನು ಮೂರು ಬಾಹುಗಳೂ ಸಮನಾಗಿರುವ ತ್ರಿಭುಜ” ಎಂದರು ಅಧ್ಯಾಪಕಿ. ಅದರ ಪ್ರತಿಯೊಂದು ಕೋನವೂ 60 ಡಿಗ್ರಿ ಎಂಬುದು ಎಲ್ಲರಿಗೂ ಬಾಯಿಪಾಠ. ಹತ್ತು ಹೆಜ್ಜೆ, 60 ಡಿಗ್ರಿ. ಹೀಗೆ ಮೂರು ಬಾರಿ. ಆದರೆ ಗೆರೆಯ ಕೊನೆ ಮೊದಲನ್ನು ಕೂಡಲೇ ಇಲ್ಲ. ಒಡೆದ ಬಳೆಯ ಚೂರಿನಂಥ ಆಕೃತಿಯೊಂದು ಬಾಯಿ ತೆರೆದುಕೊಂಡು ಉಳಿಯಿತು.

“ಆಮೆ ತಪ್ಪು ನಡೆದಿದೆ, ಮೇಡಂ” ಎಂದು ಮಕ್ಕಳು ಕೂಗಿದರು.

“ಆಮೆ ನೀವು ಹೇಳಿದಂತೆಯೇ ನಡೆದಿದೆ. ತಪ್ಪು ಎಲ್ಲಿದೆಯೋ ಹುಡುಕಿರಿ” ಎಂದು ಅವರು ಸುಮ್ಮನೆ ನಿಂತರು.

ತರಗತಿಯಲ್ಲಿ ಎಂದೂ ಬಾಯಿ ತೆರೆಯದ ಹುಡುಗಿಯೊಬ್ಬಳು ಎದ್ದಳು. ಗೆರೆಯ ಮೇಲೆ ತಾನೇ ನಡೆದಳು. ಮೂಲೆಯಲ್ಲಿ ನಿಂತು ನಿಧಾನವಾಗಿ ತಿರುಗಿದಳು. “ಮೇಡಂ, 60 ಡಿಗ್ರಿ ಒಳಗಿನ ಕೋನ. ನಡೆಯುವವರು ತಿರುಗುವುದು ಹೊರಗಿನ ಕೋನದಷ್ಟು. 180ರಲ್ಲಿ 60 ಕಳೆದರೆ 120. ಅಷ್ಟು ತಿರುಗಬೇಕು” ಎಂದಳು. ಹಾಗೆಯೇ ಮಾಡಲಾಯಿತು, ತ್ರಿಭುಜ ಕೂಡಿಕೊಂಡಿತು. ಆಗ ಅಧ್ಯಾಪಕಿ ಮೊದಲಿನ ಗೆರೆಯನ್ನು ಅಳಿಸದೆ, ಅದನ್ನೇ 60 ಡಿಗ್ರಿಗಳಂತೆ ಇನ್ನೂ ಮೂರು ಬಾರಿ ಮುಂದುವರಿಸಲು ಹೇಳಿದರು. ಜೇನುಗೂಡಿನ ಕೋಶದಂಥ ಅಚ್ಚುಕಟ್ಟಾದ ಷಡ್ಭುಜವೊಂದು ಸಿದ್ಧವಾಯಿತು. 90 ನಾಲ್ಕು ಬಾರಿ, 120 ಮೂರು ಬಾರಿ, 60 ಆರು ಬಾರಿ: ಯಾವುದನ್ನು ಗುಣಿಸಿದರೂ 360. ಹೊರಟ ಕಡೆಗೆ ಮುಖಮಾಡಿ ಮತ್ತೆ ನಿಲ್ಲಬೇಕಾದರೆ ಒಂದು ಪೂರ್ಣ ಸುತ್ತು ತಿರುಗಲೇಬೇಕೆಂಬ ನಿಯಮವನ್ನು ಮಕ್ಕಳು ತಾವಾಗಿಯೇ ಕಂಡುಕೊಂಡರು.

ಈ ಆಮೆಯ ಕಲ್ಪನೆಗೆ ಒಂದು ಇತಿಹಾಸವುಂಟು. 1967ರಲ್ಲಿ ಅಮೆರಿಕದಲ್ಲಿ ಸೆಮೂರ್ ಪೇಪರ್ಟ್, ವಾಲಿ ಫ್ಯೂರ್ಜಿಗ್, ಸಿಂಥಿಯಾ ಸಾಲೊಮನ್ ಮತ್ತು ಅವರ ಸಂಗಡಿಗರು ಮಕ್ಕಳಿಗಾಗಿ ‘ಲೋಗೋ’ ಎಂಬ ಗಣಕ ಭಾಷೆಯನ್ನು ರೂಪಿಸಿದರು. ಮಗು ಅಪ್ಪಣೆ ಕೊಟ್ಟಂತೆ ನೆಲದ ಮೇಲೆ, ಅನಂತರ ಪರದೆಯ ಮೇಲೆ, ಗೆರೆ ಎಳೆಯುತ್ತ ಸಾಗುವ ಆಮೆ ಅದರಲ್ಲಿ ಬಂದಿತು. ಹೀಗೆ ಯಂತ್ರಕ್ಕೆ ಕ್ರಮವಾಗಿ ಅಪ್ಪಣೆಗಳನ್ನು ಬರೆದುಕೊಡುವುದಕ್ಕೆ ಕ್ರಮವಿಧಿ ರಚನೆ ಅಥವಾ ಕೋಡಿಂಗ್ ಎಂದು ಹೆಸರು. ತಪ್ಪು ಶಿಕ್ಷೆಗೆ ಕಾರಣವಲ್ಲ, ಹುಡುಕಿ ತಿದ್ದಬೇಕಾದ ಸಂಗತಿ ಎಂಬುದು ಪೇಪರ್ಟರ ನಿಲುವು. ಯಂತ್ರಕ್ಕೆ ಕೋಪವಿಲ್ಲ, ಪಕ್ಷಪಾತವಿಲ್ಲ. ಹೇಳಿದ್ದನ್ನು ಮಾತ್ರ ಮಾಡಿ ತೋರಿಸುತ್ತದೆ. ಆದ್ದರಿಂದ ತಪ್ಪನ್ನು ನಮ್ಮ ಮಾತಿನಲ್ಲಿಯೇ ಹುಡುಕಬೇಕಾಗುತ್ತದೆ.

ಆ ದಿನ ಸಂಜೆ ನಾನಾಗಿಯೇ ಬೀಗದ ಕೈಯನ್ನು ಆ ಅಧ್ಯಾಪಕಿಗೆ ಒಪ್ಪಿಸಿದೆ. ಅವರು ಮಾಡಿದ ನಿಯಮ ಒಂದೇ: ಕೀಲಿಮಣೆ ಎಲ್ಲರ ಕೈಗೂ ಸರದಿಯಂತೆ ಬರಬೇಕು, ಚುರುಕಾದ ಹುಡುಗನೊಬ್ಬ ಒತ್ತುತ್ತಿದ್ದರೆ ಉಳಿದವರು ನೋಡುತ್ತ ನಿಲ್ಲುವಂತಿಲ್ಲ.

ಕಾಲ ಈಗ ಬದಲಾಗಿದೆ. 2016ರಲ್ಲಿ ನೀತಿ ಆಯೋಗವು ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯನ್ನು ಆರಂಭಿಸಿತು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಗಳ ವರೆಗೆ ನೆರವು ಕೊಡುವ ಏರ್ಪಾಡು ಅದರಲ್ಲಿತ್ತು. ದೇಶದ 10,000ದಷ್ಟು ಶಾಲೆಗಳಲ್ಲಿ ಇವು ಸ್ಥಾಪಿತವಾಗಿವೆ. ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳು ಅಲ್ಲಿ ತಂತಿಗಳನ್ನು ಜೋಡಿಸಿ, ಕ್ರಮವಿಧಿಗಳನ್ನು ಬರೆದು, ಸಣ್ಣ ಯಂತ್ರಗಳನ್ನು ಕಟ್ಟುತ್ತಾರೆ. ಮಣ್ಣಿನ ತೇವವನ್ನು ಅರಿಯುವ ಸಂವೇದಕವೊಂದನ್ನು ಗಿಡದ ಬುಡದಲ್ಲಿ ನೆಟ್ಟು, ‘ಮಣ್ಣು ಒಣಗಿದ್ದರೆ ನೀರು ಬಿಡು, ಇಲ್ಲವಾದರೆ ನಿಲ್ಲಿಸು’ ಎಂದು ಬರೆದರೆ, ಚಿಕ್ಕ ಪಂಪು ತಾನಾಗಿಯೇ ನಡೆಯುತ್ತದೆ, ನಿಲ್ಲುತ್ತದೆ. ಕೊಳವೆಬಾವಿಗಳು ಬತ್ತಿಹೋಗುವ ನಮ್ಮ ಸೀಮೆಗೆ ಈ ವಿದ್ಯೆ ಬರಿಯ ಆಟವಲ್ಲ.

ಮಿಡಿಗೇಶಿಯ ದಾರಿಯನ್ನು ಹಿಡಿದು ಉತ್ತರಕ್ಕೆ ಸಾಗಿದರೆ ಪಾವಗಡ ತಾಲ್ಲೂಕಿನಲ್ಲಿ ಇದಕ್ಕೊಂದು ದೊಡ್ಡ ನಿದರ್ಶನವಿದೆ. ತಿರುಮಣಿ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು, ಅಲ್ಲಿ ಸೌರ ಉದ್ಯಾನವನ್ನು ನಿರ್ಮಿಸಲಾಗಿದೆ. 2018ರಲ್ಲಿ ಉದ್ಘಾಟನೆಗೊಂಡ ಅದರ ಸಾಮರ್ಥ್ಯ 2,050 ಮೆಗಾವ್ಯಾಟ್. ಬಿಸಿಲಿನಿಂದ ಹುಟ್ಟುವ ನೇರ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುವ ಪರಿವರ್ತಕಗಳು ನಡೆಯುವುದು ಇಂಥ ಕ್ರಮವಿಧಿಗಳ ಆಜ್ಞೆಯಂತೆ. ಫಲಕಗಳನ್ನು ತೊಳೆಯುವ, ಹುಲ್ಲು ತೆಗೆಯುವ ಕೆಲಸಕ್ಕೆ ಸುತ್ತಲಿನ ಹಳ್ಳಿಗಳ ಜನ ಹೋಗುತ್ತಾರೆ. ಅದು ಗೌರವದ ದುಡಿಮೆಯೇ ಸರಿ. ಆದರೆ ಆ ಯಂತ್ರಗಳಿಗೆ ಅಪ್ಪಣೆ ಬರೆಯುವ ಕೈಗಳೂ ಈ ಹಳ್ಳಿಗಳಿಂದಲೇ ಬರಬೇಡವೆ? ಭೂಮಿ ನಮ್ಮದು, ಬಿಸಿಲು ನಮ್ಮದು. ವಿದ್ಯೆ ಮಾತ್ರ ಬೇರೆಯವರದಾಗಿ ಉಳಿಯಬಾರದು.

ಅದಕ್ಕೆ ದಾರಿ ಬೀಗ ಹಾಕಿದ ಕೋಣೆಯಿಂದ ಹೊರಡುವುದಿಲ್ಲ. ನಿಮ್ಮ ಶಾಲೆಯಲ್ಲಿ ಗಣಕಯಂತ್ರವಿದ್ದರೆ ಅದನ್ನು ಮುಟ್ಟಲು ಅನುಮತಿ ಕೇಳಿರಿ. ನಿಮ್ಮ ಪಕ್ಕದವರಿಗೂ ಸರದಿ ಬಿಟ್ಟುಕೊಡಿರಿ. ಇಲ್ಲವಾದರೆ ಒಂದು ಹಿಡಿ ರಂಗೋಲಿ ಪುಡಿ ಸಾಕು. ಬಯಲಿಗೆ ಹೋಗಿ ಒಂದು ಪಂಚಭುಜವನ್ನು ನಡೆದು ಬರೆಯಿರಿ. ಆಮೆ ಎಷ್ಟು ಡಿಗ್ರಿ ತಿರುಗಬೇಕೆಂಬುದನ್ನು ನಾನು ಹೇಳುವುದಿಲ್ಲ. ತಪ್ಪಿದರೆ ಮತ್ತೆ ನಡೆಯಿರಿ.